ನಿವೃತ್ತಿಯ ನಂತರ ದಂಪತಿಯಾಗಿ ಹೊರದೇಶಕ್ಕೆ ಮಿಷನ್ ಸೇವೆಗೆ: ಅನುಭವಸ್ಥರ ಸಲಹೆ ಬೇಕಾಗಿದೆ

ಪ್ರಶ್ನೆ: ಜಯನಗರದ ನಿವೃತ್ತ

ಎಲ್ಲರಿಗೂ ನಮಸ್ಕಾರ. ನನಗೆ 66 ವರ್ಷ, ನನ್ನ ಹೆಂಡತಿಗೆ 62. ನಾನು ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತನಾದವನು. ಆಕೆ ಮೂವತ್ತು ವರ್ಷ ನರ್ಸ್ ಆಗಿ ದುಡಿದವಳು. ಬೆಂಗಳೂರಿನಲ್ಲಿ 1993ರಲ್ಲಿ ಮಿಷನ್ ಆರಂಭವಾದ ಕೆಲವು ವರ್ಷಗಳಿಗೆ ನಾವಿಬ್ಬರೂ ಜನ ಮಾರ್ಮನ್ ಎಂದು ಕರೆಯುವ ಕಡೇ ದಿನಗಳ ಸಂತರ ಯೇಸು ಕ್ರಿಸ್ತರ ಸಭೆಯಲ್ಲಿ ದೀಕ್ಷಾಸ್ನಾನ ಪಡೆದೆವು. ಆಗ ಭಾರತದಲ್ಲಿ ನಮ್ಮ ಸಭೆಯ ದೇವಾಲಯವಿರಲಿಲ್ಲವಾದ್ದರಿಂದ ಪ್ರಾವಿಡೆಂಟ್ ಫಂಡ್‌ನಲ್ಲಿ ಸಾಲ ತೆಗೆದು, ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹಾಂಗ್‌ಕಾಂಗ್ ದೇವಾಲಯಕ್ಕೆ ಹೋಗಿ ಸಂಸಾರವನ್ನು ಶಾಶ್ವತವಾಗಿ ಬೆಸೆಯುವ ಸೀಲಿಂಗ್ ವಿಧಿ ಮುಗಿಸಿ ಬಂದಿದ್ದೆವು. 2018ರ ಏಪ್ರಿಲ್‌ನಲ್ಲಿ ಬೆಂಗಳೂರಿಗೇ ದೇವಾಲಯ ಬರಲಿದೆ ಎಂಬ ಘೋಷಣೆ ಕೇಳಿದಾಗ ನನ್ನ ಹೆಂಡತಿ ಟಿವಿಯ ಮುಂದೆಯೇ ಕುಳಿತು ಅತ್ತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ನಾವು ಹೊಸದಾಗಿ ಸಭೆ ಸೇರಿದ ದಿನಗಳಲ್ಲಿ ಅಮೆರಿಕದಿಂದ ಬಂದ ಒಬ್ಬ ಹಿರಿಯ ದಂಪತಿ ನಮ್ಮ ಶಾಖೆಯಲ್ಲಿದ್ದರು. ಹನ್ನೊಂದು ಮೊಮ್ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು ಅವರು. ನಮ್ಮ ಮನೆಯಲ್ಲಿ ಊಟವಾದ ಮೇಲೆ ಆ ಹಿರಿಯರು ತಮ್ಮ ತಟ್ಟೆಯನ್ನು ತಾವೇ ತೊಳೆದು, ಒರೆಸಿ, ಕಪಾಟಿನಲ್ಲಿ ಇಡುತ್ತಿದ್ದರು. ಬೇಡವೆಂದು ನಾವು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಗಂಡಸರು ತಟ್ಟೆ ತೊಳೆಯುವುದನ್ನು ನನ್ನ ತಾಯಿ ಮೊದಲು ನೋಡಿದ್ದು ಆಗಲೇ. ಶಾಖೆಯ ಲೆಕ್ಕಪತ್ರವನ್ನು ಹೇಗೆ ಇಡಬೇಕೆಂದು ನನಗೆ ಕಲಿಸಿದವರು ಅವರು. ನನ್ನ ಹೆಂಡತಿಗೆ ಕೀಬೋರ್ಡಿನ ಮೇಲೆ ಸ್ತೋತ್ರ ನುಡಿಸುವುದನ್ನು ಕಲಿಸಿದವರು ಅವರ ಮಡದಿ. ಆ ಋಣ ನನ್ನ ಮೇಲಿದೆ ಎಂದು ಬಹಳ ಕಾಲದಿಂದ ಅನಿಸುತ್ತಿದೆ. ಈಗ ಕೈಕಾಲು ಗಟ್ಟಿಯಿರುವಾಗಲೇ ಹದಿನೆಂಟು ತಿಂಗಳು ಹೊರದೇಶದಲ್ಲಿ ಸೇವೆ ಮಾಡಿ ಬರಬೇಕೆಂಬ ಆಸೆ. ಬಿಷಪ್ ಅವರೊಂದಿಗೆ ಸಂದರ್ಶನ ಮುಗಿದಿದೆ. ಕರೆ ಎಲ್ಲಿಗೆ ಬರುವುದೆಂದು ನಿರ್ಧರಿಸುವುದು ಸಭೆಯ ಹಿರಿಯರೇ ಆದರೂ ನಮ್ಮ ಇಷ್ಟವನ್ನು ಅರ್ಜಿಯಲ್ಲಿ ಬರೆಯಲು ಅವಕಾಶವಿರುವುದರಿಂದ, ಇಂಗ್ಲಿಷ್ ನಡೆಯುವ ದೇಶವೆಂದು ಘಾನಾದ ಹೆಸರನ್ನು ಬರೆದಿದ್ದೇವೆ.

ನನ್ನ ಚಿಂತೆಗಳು ಇಷ್ಟು. ನಮ್ಮ ಪಿಂಚಣಿಯಲ್ಲಿ ಖರ್ಚು ನಿಭಾಯಿಸಬಹುದೇ? ನನಗೆ ರಕ್ತದೊತ್ತಡವಿದೆ, ಮಾತ್ರೆಯಿಂದ ಹಿಡಿತದಲ್ಲಿದೆ, ಇದು ಅಡ್ಡಿಯಾದೀತೇ? ನನ್ನ ತಾಯಿಗೆ 89 ವರ್ಷ, ಹಾಸನದಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಅವರಿಗೆ ಏನಾದರೂ ಆದರೆ ಬರಲು ಬಿಡುತ್ತಾರೆಯೇ? ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಮಗ ಕೇಳುತ್ತಾನೆ, ಮಗಳು ಏನೂ ಹೇಳುವುದಿಲ್ಲ. ನನ್ನ ಹೆಂಡತಿಯೂ ಒಪ್ಪಿದ್ದಾಳೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಹಿರಿಯ ದಂಪತಿಗಳು ದಿನವಿಡೀ ಮಾಡುವುದಾದರೂ ಏನು ಎಂಬುದು ತಿಳಿದವರಿಂದಲೇ ತಿಳಿಯಬೇಕಾಗಿದೆ.

ಉತ್ತರ: ಕೇಪ್ ಕೋಸ್ಟ್‌ನಿಂದ ಮರಳಿದವರು

ಸಹೋದರರೇ, ನಾವಿಬ್ಬರೂ ಹದಿನೆಂಟು ತಿಂಗಳು ಘಾನಾದ ಕೇಪ್ ಕೋಸ್ಟ್‌ನಲ್ಲಿದ್ದು ಬಂದವರು. ನೀವು ಆ ದೇಶದ ಹೆಸರನ್ನೇ ಬರೆದಿರುವುದು ಓದಿ ಸಂತೋಷವಾಯಿತು, ಏಕೆಂದರೆ ಅಲ್ಲಿ ನಮ್ಮ ಸಭೆಯ ಕೆಲಸಕ್ಕೆ ಅಡಿಪಾಯ ಹಾಕಿದವರೇ ಹಿರಿಯ ದಂಪತಿಗಳು. 1978ರ ಜೂನ್‌ನಲ್ಲಿ ಯಾಜಕತ್ವವು ಎಲ್ಲ ಜನಾಂಗದ ಗಂಡಸರಿಗೂ ತೆರೆದುಕೊಂಡ ಮೇಲೆ, ಅದೇ ವರ್ಷದ ನವೆಂಬರ್‌ನಲ್ಲಿ ಪಶ್ಚಿಮ ಆಫ್ರಿಕಕ್ಕೆ ಹೋದ ಮೊದಲ ಮಿಷನರಿಗಳು ರೆಂಡೆಲ್ ಮತ್ತು ರೇಚೆಲ್ ಮೇಬಿ, ಎಡ್ವಿನ್ ಮತ್ತು ಜನಾತ್ ಕ್ಯಾನನ್ ಎಂಬ ಎರಡು ಜೋಡಿಗಳು. ಅವರು ನೈಜೀರಿಯದಿಂದ ಘಾನಾಕ್ಕೆ ಬರುವ ಹೊತ್ತಿಗೆ ಕೇಪ್ ಕೋಸ್ಟ್‌ನಲ್ಲಿ ಜೋಸೆಫ್ ವಿಲಿಯಂ ಬಿಲ್ಲಿ ಜಾನ್ಸನ್ ಎಂಬವರು ಯಾವ ಮಿಷನರಿಯೂ ಇಲ್ಲದೆ ವರ್ಷಗಟ್ಟಲೆ ಸಭೆಗಳನ್ನು ಕಟ್ಟಿ, ಕಾಯುತ್ತ ಕುಳಿತಿದ್ದರು. ಆ ಊರಿನ ಹಳೆಯ ಸದಸ್ಯರೊಬ್ಬರು ಸಮುದ್ರ ತೀರದಲ್ಲಿ ನಡೆದ ಆ ಡಿಸೆಂಬರ್‌ನ ದೀಕ್ಷಾಸ್ನಾನಗಳ ಬಗ್ಗೆ ನಮಗೆ ಹೇಳಿದಾಗ, ನಾವು ಎಂಥ ಹೆಜ್ಜೆಗಳ ಹಿಂದೆ ನಡೆಯುತ್ತಿದ್ದೇವೆ ಎಂಬುದು ಅರಿವಾಗಿ ನಾನು ಬಹಳ ಹೊತ್ತು ಮಾತಾಡಲಿಲ್ಲ.

ಕೆಲಸದ ಬಗ್ಗೆ ಕೇಳಿದ್ದೀರಿ. ಹತ್ತೊಂಬತ್ತು ಇಪ್ಪತ್ತರ ಹುಡುಗರಂತೆ ಬಿಸಿಲಲ್ಲಿ ಮನೆಮನೆಗೆ ಅಲೆಯುವುದು ನಮ್ಮಿಂದ ನಿರೀಕ್ಷಿತವಲ್ಲ; ಅವರಿಗಿರುವಷ್ಟು ಕಟ್ಟುನಿಟ್ಟಿನ ವೇಳಾಪಟ್ಟಿಯೂ ಹಿರಿಯರಿಗಿಲ್ಲ. ಮಿಷನ್ ಕಚೇರಿ, ದೇವಾಲಯ, ವಂಶಾವಳಿ ದಾಖಲೆ, ಸ್ವಾವಲಂಬನೆಯ ತರಗತಿಗಳು, ಮಾನವೀಯ ನೆರವು, ಹೊಸ ಶಾಖೆಗಳ ಮುಖಂಡರಿಗೆ ಬೆಂಬಲ ಹೀಗೆ ಹಲವು ಬಗೆ. ನಾವು ಮಾಡಿದ್ದು ಹೆಚ್ಚಾಗಿ ಇದು: ಯುವ ಮಿಷನರಿಗಳ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವುದು. ನೀರಿನ ಟ್ಯಾಂಕು ಸೋರುತ್ತಿದೆಯೇ, ಸೊಳ್ಳೆಪರದೆ ಹರಿದಿದೆಯೇ, ಮನೆ ಮಾಲೀಕರಿಗೆ ಬಾಡಿಗೆ ತಲುಪಿತೇ, ಜ್ವರ ಬಂದ ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ದಾಯಿತೇ ಎಂದು ವಿಚಾರಿಸುವುದು. ನೀವು ಇಂಜಿನಿಯರು, ನಿಮ್ಮ ಮಡದಿ ನರ್ಸು ಎಂದ ಮೇಲೆ ನಿಮಗೂ ಇಂಥದೇ ಸಿಗುವ ಸಂಭವ ಹೆಚ್ಚು. ಇದು ಸುವಾರ್ತೆಯ ಕೆಲಸವೇ ಎಂದು ಮೊದಲ ತಿಂಗಳು ನನಗೂ ಸಂಶಯವಿತ್ತು. ಮನೆಯ ನೆನಪಿನಿಂದ ಊಟ ಬಿಟ್ಟಿದ್ದ ಹುಡುಗನೊಬ್ಬ ನನ್ನ ಹೆಂಡತಿ ಮಾಡಿದ ಅನ್ನ ತಿಳಿಸಾರು ಉಂಡು, ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತ ಸಂಜೆಯ ನಂತರ ಆ ಸಂಶಯ ಉಳಿಯಲಿಲ್ಲ.

ಹಣದ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹಿರಿಯ ದಂಪತಿಗಳು ತಮ್ಮ ಖರ್ಚನ್ನು ತಾವೇ ಹೊರಬೇಕು. 2011ರಲ್ಲಿ ಸಭೆಯು ವಸತಿ ಖರ್ಚಿನಲ್ಲಿ ದಂಪತಿಯ ಪಾಲಿಗೆ ತಿಂಗಳಿಗೆ 1,400 ಡಾಲರುಗಳ ಮಿತಿ ಹಾಕಿ, ಅದಕ್ಕಿಂತ ಹೆಚ್ಚಾದದ್ದನ್ನು ತಾನೇ ಭರಿಸಲು ಮುಂದಾಯಿತು. ಹದಿನೆಂಟು ತಿಂಗಳಿಗಿಂತ ಕಡಿಮೆ ಅವಧಿಗೆ ಹೊರದೇಶಕ್ಕೆ ಹೋಗುವವರು ಪ್ರಯಾಣದ ವೆಚ್ಚವನ್ನೂ ತಾವೇ ಕೊಡಬೇಕೆಂಬ ನಿಯಮವೂ ಆಗಲೇ ಬಂದದ್ದು. ಅಮೆರಿಕದ ಪಿಂಚಣಿದಾರರಿಗೆ ಆ ಮಿತಿ ದೊಡ್ಡ ಉಪಕಾರ. ನಮ್ಮ ರೂಪಾಯಿ ಲೆಕ್ಕದಲ್ಲಿ ಅದು ಲಕ್ಷ ದಾಟುತ್ತದೆ. ಆದ್ದರಿಂದ ಮನೆಯ ಆದಾಯ, ಸಾಲ, ಠೇವಣಿ ಎಲ್ಲವನ್ನೂ ಬರೆದು ಬಿಷಪ್ ಹಾಗೂ ಸ್ಟೇಕ್ (ಹಲವು ಸ್ಥಳೀಯ ಸಭೆಗಳ ಗುಂಪು) ಅಧ್ಯಕ್ಷರ ಮುಂದೆ ಇಡಿ. ಹಣದ ಮಾತು ಎತ್ತುವುದಕ್ಕೆ ಸಂಕೋಚಪಟ್ಟು, ಅಲ್ಲಿ ಹೋಗಿ ಮಕ್ಕಳ ಮುಂದೆ ಕೈಚಾಚುವಂತಾಗಬಾರದು.

ಆರೋಗ್ಯಕ್ಕೆ ಬರೋಣ. ಹಿಡಿತದಲ್ಲಿರುವ ರಕ್ತದೊತ್ತಡವನ್ನು ವೈದ್ಯರು ಸ್ಪಷ್ಟವಾಗಿ ಬರೆದುಕೊಟ್ಟರೆ ಸಾಮಾನ್ಯವಾಗಿ ಅದೊಂದೇ ಅಡ್ಡಿಯಾಗುವುದಿಲ್ಲ. ಹಲ್ಲಿನ ತಪಾಸಣೆಯೂ ಅರ್ಜಿಯ ಭಾಗ. ಬಾಕಿ ಇರುವ ಹಲ್ಲಿನ ಕೆಲಸವನ್ನು ಇಲ್ಲಿಯೇ ಮುಗಿಸಿಕೊಳ್ಳಿ. ಘಾನಾ ಪ್ರವೇಶಕ್ಕೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕಡ್ಡಾಯ, ಮರಳಿ ಬರುವಾಗ ಭಾರತದ ವಿಮಾನ ನಿಲ್ದಾಣದಲ್ಲಿಯೂ ಅದನ್ನು ಕೇಳುತ್ತಾರೆ. ಇಲ್ಲದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಸಿಗುವುದು ಸರ್ಕಾರ ಅನುಮತಿಸಿದ ಕೇಂದ್ರಗಳಲ್ಲಿ ಮಾತ್ರ, ಪ್ರಮಾಣಪತ್ರಕ್ಕೆ ಬೆಲೆ ಬರುವುದು ಚುಚ್ಚಿಸಿಕೊಂಡ ಹತ್ತು ದಿನಗಳ ನಂತರ. ಆದರೆ ಒಂದು ಎಚ್ಚರಿಕೆ: ಅರವತ್ತು ದಾಟಿದವರು ಇದನ್ನು ಮೊದಲ ಬಾರಿಗೆ ಹಾಕಿಸಿಕೊಂಡಾಗ ತೀವ್ರ ಅಡ್ಡಪರಿಣಾಮದ ಸಂಭವ ಕಿರಿಯರಿಗಿಂತ ಹೆಚ್ಚು. ವೈದ್ಯರಿಗೆ ನಿಮ್ಮ ಪೂರ್ತಿ ಆರೋಗ್ಯ ಚರಿತ್ರೆ ಹೇಳಿ, ಅವರು ಒಪ್ಪಿದ ಮೇಲೆಯೇ ಹಾಕಿಸಿಕೊಳ್ಳಿ. ನಿಮ್ಮ ಮಡದಿಗೆ ಇದರ ಮಹತ್ವ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ತಾಯಿಯವರ ವಿಷಯ: ಹಿರಿಯ ಮಿಷನರಿಗಳು ಮನೆಯಲ್ಲಿ ತುರ್ತು ಬಂದರೆ ಮಿಷನ್ ಅಧ್ಯಕ್ಷರ ಅನುಮತಿ ಪಡೆದು, ಸ್ವಂತ ಖರ್ಚಿನಲ್ಲಿ ಕೆಲವು ದಿನ ಬಂದು ಹೋಗಬಹುದು. ಆದರೂ ಘಾನಾದ ರಾಜಧಾನಿ ಅಕ್ರಾದಿಂದ ಹಾಸನಕ್ಕೆ ಒಂದು ದಿನದೊಳಗೆ ತಲುಪುವುದು ಕಷ್ಟ. ನೀವು ಬರುವವರೆಗೆ ಕಾಯಬೇಕೋ ಬೇಡವೋ ಎಂಬುದನ್ನು ತಮ್ಮನೊಂದಿಗೆ ಈಗಲೇ ಕುಳಿತು ಮಾತಾಡಿ.

ಉತ್ತರ: ಬಲ್ಮಠದವರು

ಮಾನ್ಯರೇ, ನಾನು ನಿಮ್ಮ ಸಭೆಯವನಲ್ಲ, ಮಂಗಳೂರಿನ ಸಿಎಸ್ಐ (ದಕ್ಷಿಣ ಭಾರತ ಸಭೆ) ಸಭೆಯವನು. ಆದರೂ ಘಾನಾದ ಹೆಸರು ಕಂಡು ಸುಮ್ಮನಿರಲಾಗಲಿಲ್ಲ, ಏಕೆಂದರೆ ನಮಗೂ ಆ ನೆಲಕ್ಕೂ ಹಳೆಯ ನಂಟಿದೆ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಅವರನ್ನು ಮಂಗಳೂರಿಗೆ ಕಳಿಸಿದ ಸ್ವಿಟ್ಜರ್ಲೆಂಡಿನ ಅದೇ ಬಾಸೆಲ್ ಮಿಷನ್ 1828ರಲ್ಲಿಯೇ, ಗೋಲ್ಡ್ ಕೋಸ್ಟ್ ಎಂದು ಕರೆಯುತ್ತಿದ್ದ ಈಗಿನ ಘಾನಾಕ್ಕೆ ನಾಲ್ವರನ್ನು ಕಳಿಸಿತ್ತು. ಆ ನಾಲ್ವರೂ ನಾಲ್ಕು ವರ್ಷ ತುಂಬುವುದರೊಳಗೆ ತೀರಿಕೊಂಡರು. ಅಂಥ ನೆಲಕ್ಕೆ ಮತ್ತೆ ಮತ್ತೆ ಜನ ಹೋದರಲ್ಲ, ಅದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ.

ಅದಕ್ಕಾಗಿ ನಿಮ್ಮಲ್ಲಿ ಕಳಕಳಿಯಿಂದ ಕೇಳಿಕೊಳ್ಳುವುದೆಂದರೆ, ಮಲೇರಿಯವನ್ನು ನಮ್ಮೂರ ಸೊಳ್ಳೆಜ್ವರವೆಂದು ಹಗುರವಾಗಿ ಎಣಿಸಬೇಡಿ. ಅಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಂ ಜಾತಿಯದು, ಪ್ರಾಣಕ್ಕೆ ಎರವಾಗಬಲ್ಲದ್ದು. ವೈದ್ಯರು ಹೇಳಿದ ತಡೆಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ. ಊರಿಗೆ ಮರಳಿದ ಮೇಲೆ ಕೆಲವು ತಿಂಗಳೊಳಗೆ ಜ್ವರ ಬಂದರೂ ಆಫ್ರಿಕದಿಂದ ಬಂದಿದ್ದೇವೆ ಎಂಬುದನ್ನು ವೈದ್ಯರಿಗೆ ಮೊದಲ ಮಾತಾಗಿ ತಿಳಿಸಿ.

ಎರಡನೆಯದು ಭಾಷೆ. ಇಂಗ್ಲಿಷ್ ನಡೆಯುತ್ತದೆ ಎಂಬ ಕಾರಣಕ್ಕೆ ದೇಶವನ್ನು ಆರಿಸಿಕೊಂಡಿದ್ದೀರಿ, ತಪ್ಪಿಲ್ಲ. ಆದರೆ ಇಂಗ್ಲಿಷ್ ಕಚೇರಿಗೆ ಸಾಕು, ಅಡುಗೆಮನೆಯ ಬಾಗಿಲಿಗೆ ಸಾಲದು. ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಬಂತು ಎಂಬುದು ನಮಗೆಲ್ಲ ಗೊತ್ತು; ಅದೇ ಮಿಷನ್ನಿನ ಕ್ರಿಸ್ಟಾಲರ್ ಅವರು ಅಸಾಂಟೆ ಮತ್ತು ಫಾಂಟೆ ಜನರಾಡುವ ಟ್ವಿ ನುಡಿಗೆ 1881ರಲ್ಲಿಯೇ ನಿಘಂಟು ಕೊಟ್ಟಿದ್ದರು. ನಿಮ್ಮಿಂದ ಅಷ್ಟನ್ನು ಯಾರೂ ಕೇಳುವುದಿಲ್ಲ. ಬೆಳಗಿನ ವಂದನೆ, ಕೃತಜ್ಞತೆಯ ಮಾತು, ಕುಶಲ ಪ್ರಶ್ನೆ, ಒಂದರಿಂದ ಹತ್ತರವರೆಗೆ ಎಣಿಕೆ ಇಷ್ಟನ್ನು ಹೊರಡುವ ಮುಂಚೆ ಬಾಯಿಪಾಠ ಮಾಡಿಕೊಂಡರೂ, ಮುದುಕರು ಕಷ್ಟಪಟ್ಟು ನಮ್ಮ ಮಾತು ಕಲಿತು ಬಂದಿದ್ದಾರೆ ಎಂದು ಜನ ಹತ್ತಿರಕ್ಕೆ ಕರೆಯುತ್ತಾರೆ. ಕನ್ನಡದಲ್ಲಿ ತೊದಲುತ್ತಿದ್ದ ವಿದೇಶಿಯರನ್ನು ನಮ್ಮ ಅಜ್ಜಿಯರು ಹಾಗೆಯೇ ಒಳಗೆ ಕರೆದರು.

ಉತ್ತರ: ಶಿವಮೊಗ್ಗದ ಮಗಳು

ಹಿರಿಯರಿಗೆ ನಮಸ್ಕಾರ. ನನ್ನ ತಂದೆತಾಯಿ ಹೀಗೆಯೇ ಹೊರದೇಶಕ್ಕೆ ಸೇವೆಗೆ ಹೋಗಿ ಬಂದಿದ್ದಾರೆ, ಆದ್ದರಿಂದ ಊರಲ್ಲಿ ಉಳಿದವರ ಕಡೆಯಿಂದ ಎರಡು ಮಾತು ಬರೆಯುತ್ತೇನೆ.

ಮೊದಲು ಕಾಗದಪತ್ರ. ಅಪ್ಪ ಹೊರಡುವಾಗ ಎಲ್ಲ ಸರಿಯಿದೆ ಎಂದಿದ್ದರು. ಎರಡನೇ ತಿಂಗಳಲ್ಲಿ ಅವರ ಮೊಬೈಲ್ ಸಂಖ್ಯೆಗೆ ರೀಚಾರ್ಜ್ ಇಲ್ಲದೆ ಬ್ಯಾಂಕಿನ ಒಟಿಪಿ ಬರುವುದು ನಿಂತುಹೋಗಿ, ತಮ್ಮ ಹಣವನ್ನೇ ಮುಟ್ಟಲಾಗದೆ ಮೂರು ವಾರ ಒದ್ದಾಡಿದರು. ಭಾರತದ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿ, ಅದನ್ನು ಜೀವಂತವಾಗಿಡುವ ಹೊಣೆಯನ್ನು ಮಕ್ಕಳಲ್ಲೊಬ್ಬರಿಗೆ ವಹಿಸಿ. ನವೆಂಬರ್‌ನಲ್ಲಿ ಪಿಂಚಣಿಗೆ ಕೊಡಬೇಕಾದ ಜೀವನ ಪ್ರಮಾಣಪತ್ರವನ್ನು ಅಕ್ರಾದ ಭಾರತೀಯ ಹೈಕಮಿಷನ್ ಮೂಲಕ ದೃಢೀಕರಿಸಿ ಕಳಿಸಬಹುದೇ, ನಿಮ್ಮ ಬ್ಯಾಂಕ್ ಅಥವಾ ಖಜಾನೆ ಯಾವ ನಮೂನೆ ಕೇಳುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮನೆ, ನಿವೇಶನದ ವ್ಯವಹಾರ ಏನಾದರೂ ಬಾಕಿಯಿದ್ದರೆ ಆ ಕೆಲಸಕ್ಕೆ ಸೀಮಿತವಾದ ಅಧಿಕಾರಪತ್ರವನ್ನು ನೋಂದಾಯಿಸಿ. ಇಲ್ಲಿನ ಆರೋಗ್ಯ ವಿಮೆ ಅಲ್ಲಿ ನಡೆಯುತ್ತದೆಂದು ಭಾವಿಸಬೇಡಿ. ನಮ್ಮ ವಿಮಾ ಕಂಪನಿಯವರು ಫೋನಿನಲ್ಲಿ ನಡೆಯುತ್ತದೆ ಎಂದು ಹೇಳಿ, ಅಮ್ಮ ಅಲ್ಲಿ ಆಸ್ಪತ್ರೆ ಸೇರಿದ ಮೇಲೆ ಪಾಲಿಸಿ ಭಾರತದೊಳಗೆ ಮಾತ್ರ ಎಂದರು. ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಇನ್ನು ಮಕ್ಕಳ ಮೌನ. ನಿಮ್ಮ ಮಗಳು ಏನೂ ಹೇಳುವುದಿಲ್ಲ ಎಂದು ಬರೆದಿದ್ದೀರಿ. ನಾನೂ ಹೇಳಿರಲಿಲ್ಲ. ಆಗ ನಾನು ಮೂರು ತಿಂಗಳ ಬಸುರಿ. ಬಾಣಂತನಕ್ಕೆ ಅಮ್ಮ ಇರುವುದಿಲ್ಲ ಎಂಬ ಮಾತನ್ನು ಆಡಿದರೆ ದೇವರ ಕೆಲಸಕ್ಕೆ ಅಡ್ಡ ಬಂದಂತೆ ಆಗುತ್ತದೆ ಎಂದು ನುಂಗಿಕೊಂಡಿದ್ದೆ. ಅಮ್ಮ ಹೋದರು, ಅತ್ತೆ ನನ್ನನ್ನು ಮಗಳಂತೆ ನೋಡಿಕೊಂಡರು, ಮಗು ಚೆನ್ನಾಗಿದೆ. ಆದರೂ ಹೊರಡುವ ಮುಂಚೆ ಅಮ್ಮ ನನ್ನ ಪಕ್ಕ ಕುಳಿತು ನಿನಗೇನು ಅನಿಸುತ್ತಿದೆ ಎಂದು ಕೇಳಿದ್ದರೆ, ಅವರಿಲ್ಲದ ದಿನಗಳು ಅಷ್ಟು ಭಾರವಾಗುತ್ತಿರಲಿಲ್ಲ. ನಿಮ್ಮ ಮಗಳ ಮನೆಗೆ ಹೋಗಿ ಒಂದು ದಿನ ಇದ್ದು ಕೇಳಿ.

ಕೊನೆಯದನ್ನು ತಪ್ಪು ತಿಳಿಯದೆ ಓದಬೇಕು. ಋಣ ನನ್ನ ಮೇಲಿದೆ, ಆಸೆ ನನಗಿದೆ ಎಂದೆಲ್ಲ ನಿಮ್ಮ ಮನಸ್ಸನ್ನು ಬಿಚ್ಚಿ ಬರೆದಿದ್ದೀರಿ. ನಿಮ್ಮ ಮಡದಿಯವರ ಮನಸ್ಸಿನ ಬಗ್ಗೆ ಮೂರೇ ಪದ ಇವೆ: ನನ್ನ ಹೆಂಡತಿಯೂ ಒಪ್ಪಿದ್ದಾಳೆ. ಕರೆಯ ಪತ್ರ ಬರುವುದು ಇಬ್ಬರ ಹೆಸರಿಗೆ. ಸ್ಟೇಕ್ ಅಧ್ಯಕ್ಷರು ತಲೆಯ ಮೇಲೆ ಕೈಯಿಟ್ಟು ಸೇವೆಗೆ ನೇಮಿಸುವಾಗಲೂ ಗಂಡನಿಗೆ ಬೇರೆ, ಹೆಂಡತಿಗೆ ಬೇರೆ ಆಶೀರ್ವಾದ. ಅಲ್ಲಿ ಆಕೆಗೆ ಅಕ್ಕತಂಗಿಯರಿಲ್ಲ, ನೆರೆಮನೆಯವರಿಲ್ಲ, ದಿನದ ಇಪ್ಪತ್ತನಾಲ್ಕು ಗಂಟೆಯೂ ನೀವಿಬ್ಬರೇ. ಒಪ್ಪುವುದಕ್ಕೂ ಬಯಸುವುದಕ್ಕೂ ಇರುವ ವ್ಯತ್ಯಾಸವನ್ನು ನನ್ನ ಅಮ್ಮ ಮೊದಲ ಆರು ತಿಂಗಳು ಒಬ್ಬರೇ ಹೊತ್ತರು.

ಪ್ರತಿಕ್ರಿಯೆ: ಜಯನಗರದ ನಿವೃತ್ತ

ಮೂವರಿಗೂ ಕೃತಜ್ಞತೆಗಳು. ಶಿವಮೊಗ್ಗದ ತಾಯೀ, ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿ, ಮೂರನೆಯ ಸಲ ನನ್ನ ಹೆಂಡತಿಗೆ ಓದಿ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ನಾಳೆ ಹೇಳುತ್ತೇನೆ ಎಂದಳು. ಅರ್ಜಿ ಕಳಿಸುವುದನ್ನು ಒಂದು ತಿಂಗಳು ಮುಂದೂಡಿದ್ದೇವೆ.

ಒಂಬತ್ತು ತಿಂಗಳ ನಂತರ, ಅದೇ ಖಾತೆಯಿಂದ

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯುತ್ತಿರುವುದು ಅವರಲ್ಲ, ಅವರ ಹೆಂಡತಿ. ಅಕ್ರಾಕ್ಕೆ ಬಂದು ಏಳು ವಾರವಾಯಿತು.

ಆ ತಿಂಗಳಲ್ಲಿ ಏನಾಯಿತೆಂದು ಶಿವಮೊಗ್ಗದ ಮಗಳಿಗೆ ಹೇಳಬೇಕು. ನಾನು ಮರುದಿನ ಅವರಿಗೆ ಹೇಳಿದ್ದು ಇಷ್ಟು: ಮೂವತ್ತು ವರ್ಷ ರಾತ್ರಿ ಪಾಳಿ ಮಾಡಿದ್ದೇನೆ, ಅತ್ತೆಯವರನ್ನು ನೋಡಿಕೊಂಡಿದ್ದೇನೆ, ಇನ್ನೊಬ್ಬರ ಆರೈಕೆಗಾಗಿ ಇನ್ನೊಂದು ದೇಶಕ್ಕೆ ಹೋಗುವುದೆಂದರೆ ನನಗೆ ಆಯಾಸವೇ ಮೊದಲು ನೆನಪಾಗುತ್ತದೆ. ಅವರು ಮರುಮಾತಾಡಲಿಲ್ಲ. ಆ ವಾರದಿಂದ ಬೆಳಗಿನ ತಿಂಡಿಯ ಹೊಣೆ ಅವರು ವಹಿಸಿಕೊಂಡರು. ಉಪ್ಪಿಟ್ಟು ಗಂಟಾಯಿತು, ಮೂರನೇ ದಿನಕ್ಕೆ ಸರಿಹೋಯಿತು. ನಾನು ಹಾಸನಕ್ಕೆ ಹೋಗಿ ಅತ್ತೆಯವರ ಬಳಿ ನಾಲ್ಕು ದಿನ ಇದ್ದೆ. ಆ ಅಮೆರಿಕದ ಅಮ್ಮ ನಿನಗೆ ಪೆಟ್ಟಿಗೆ ಬಾರಿಸಲು ಕಲಿಸಿದಳಲ್ಲ, ನೀನು ಯಾರಿಗೆ ಕಲಿಸಿದೆ ಎಂದು ಅವರು ಕೇಳಿದರು. ಮಗಳ ಮನೆಗೂ ಹೋದೆ, ಅವಳ ಮಾತು ಅವಳದೇ ಆಗಿರಲಿ, ಇಲ್ಲಿ ಬರೆಯುವುದಿಲ್ಲ. ಮರಳಿ ಬಂದ ಮೇಲೆ ಅರ್ಜಿಯಲ್ಲಿ ನನ್ನ ಭಾಗವನ್ನು ನಾನೇ ತುಂಬಿದೆ. ಕರೆಯ ಪತ್ರ ತೆರೆದಾಗ ನನ್ನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದೆ.

ತರಬೇತಿ ಒಂದು ವಾರಕ್ಕೂ ಕಡಿಮೆ. ಮನೆಯಲ್ಲಿಯೇ ಕಂಪ್ಯೂಟರಿನ ಮುಂದೆ ಕುಳಿತು ಮುಗಿಸಿದೆವು. ಲಸಿಕೆಯನ್ನು ವೈದ್ಯರು ಎರಡು ಬಾರಿ ಪರೀಕ್ಷಿಸಿ ಕೊಟ್ಟರು, ತೊಂದರೆಯಾಗಲಿಲ್ಲ. ನನ್ನ ಗಂಡನಿಗೆ ಇಲ್ಲಿ ಕಷ್ಟವಾಗಿರುವುದು ಕಾರು ಓಡಿಸುವುದು. ಘಾನಾದಲ್ಲಿ 1974ರಿಂದ ರಸ್ತೆಯ ಬಲಬದಿಯಲ್ಲಿ ವಾಹನ ನಡೆಸುತ್ತಾರೆ, ಸ್ಟೀರಿಂಗ್ ಎಡಕ್ಕಿದೆ. ಗೇರ್ ಹಾಕಲು ಅವರ ಎಡಗೈ ತಾನಾಗಿಯೇ ಹೋಗಿ ಬಾಗಿಲಿಗೆ ಬಡಿಯುತ್ತದೆ. ತಿರುವು ಬಂದಾಗಲೆಲ್ಲ ನಾನು ಪಕ್ಕದಲ್ಲಿ ಕುಳಿತು ಬಲಕ್ಕೆ, ಬಲಕ್ಕೆ ಎಂದು ಹೇಳುತ್ತೇನೆ. ಯುವ ಮಿಷನರಿಗಳ ಮನೆಗಳಿಗೆ ಹೋಗಿ ಔಷಧಿ ಪೆಟ್ಟಿಗೆ, ಸೊಳ್ಳೆಪರದೆ, ನೀರಿನ ಫಿಲ್ಟರ್ ನೋಡುವುದು ನನ್ನ ಕೆಲಸ. ವೈರಿಂಗ್ ನೋಡುವುದು ಅವರದು. ಶನಿವಾರ ಸಂಜೆ ನಾಲ್ವರು ಹುಡುಗಿಯರಿಗೆ ಕೀಬೋರ್ಡ್ ಕಲಿಸುತ್ತಿದ್ದೇನೆ.

ಬಲ್ಮಠದವರಿಗೆ ವಿಶೇಷ ವಂದನೆ. ನಾವು ಕಲಿತು ಬಂದ ಹತ್ತು ಹನ್ನೆರಡು ಮಾತುಗಳಲ್ಲಿ ಹೆಚ್ಚು ಬಳಕೆಯಾಗುವುದು ಮೆದಾಸೆ, ಅಂದರೆ ನಿಮಗೆ ಕೃತಜ್ಞತೆ. ಏನನ್ನಾದರೂ ಕೊಡುವಾಗ, ಪಡೆಯುವಾಗ ಎಡಗೈ ಚಾಚುವುದು ಇಲ್ಲಿಯೂ ಅಗೌರವ. ಅದನ್ನು ನಮಗೆ ಯಾರೂ ಕಲಿಸಬೇಕಾಗಲಿಲ್ಲ. ಊಟವೂ ಅಷ್ಟು ಅಪರಿಚಿತವಲ್ಲ. ಮರಗೆಣಸು, ಬಾಳೆಕಾಯಿ ಬೇಯಿಸಿ ಕುಟ್ಟಿದ ಫುಫುವನ್ನು ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುತ್ತಾರೆ. ಹಾಸನದ ಮುದ್ದೆ ಉಂಡು ಬೆಳೆದವರು ನುಂಗಿದ್ದನ್ನು ಕಂಡು ನೆರೆಮನೆಯ ಅಜ್ಜಿಗೆ ಆಶ್ಚರ್ಯವಾಯಿತು.

ಸೋಮವಾರ ನಮ್ಮ ಬಿಡುವಿನ ದಿನ. ಮೊನ್ನೆ ಸಂಜೆ ಆ ಅಜ್ಜಿಯ ಅಂಗಳದಿಂದ ಒನಕೆಯ ಸದ್ದು ಕೇಳಿ ನಾವಿಬ್ಬರೂ ಹೋದೆವು. ಮೊಮ್ಮಗ ನಿಂತು ಉದ್ದನೆಯ ಕೋಲಿನಿಂದ ಒರಳಿಗೆ ಕುಟ್ಟುತ್ತಿದ್ದ, ಅಜ್ಜಿ ಪಕ್ಕದಲ್ಲಿ ಕುಳಿತು, ಎರಡು ಪೆಟ್ಟಿನ ನಡುವೆ ಕೈಹಾಕಿ ಹಿಟ್ಟನ್ನು ಮಗುಚುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಅಜ್ಜಿ ನನ್ನನ್ನು ತಮ್ಮ ಮಣೆಯ ಮೇಲೆ ಕೂರಿಸಿದರು. ಮೊಮ್ಮಗನ ಕೈಯಿಂದ ಒನಕೆಯನ್ನು ನನ್ನ ಗಂಡ ತೆಗೆದುಕೊಂಡರು. ಮೂರು ಸಲ ನಾನು ಹೆದರಿ ಕೈ ಬೇಗ ಎಳೆದುಕೊಂಡೆ, ಹಿಟ್ಟು ಮಗುಚಲಿಲ್ಲ. ನಾಲ್ಕನೆಯ ಸಲ ಅವರು ಒನಕೆಯನ್ನು ಮೇಲೆಯೇ ತಡೆದು ಹಿಡಿದು, ನನ್ನ ಕೈ ಹೊರಗೆ ಬರುವವರೆಗೆ ಕಾದರು. ಅಜ್ಜಿ ಬೇಡವೆಂದು ತಲೆಯಾಡಿಸಿ, ನಿಲ್ಲಿಸದೆ ಕುಟ್ಟಬೇಕೆಂದು ಕೈಸನ್ನೆಯಲ್ಲಿ ತೋರಿಸಿಕೊಟ್ಟರು. ಮುಂದಿನ ಸೋಮವಾರ ಮತ್ತೆ ಬರಲು ಹೇಳಿದ್ದಾರೆ.